ಕುದುರೆಯ ಕೊರಳು ಕಟ್ಟಿದಾಗ

ಕುದುರೆ ಎಂದೊಡನೆ ನಮ್ಮ ಜನರ ಕಣ್ಣು ಹೋಗುವುದು ಅದರ ಕಾಲಿನ ಮೇಲೆ. ಕೊಳ್ಳುವವನು ಗೊರಸೆತ್ತಿ ನೋಡುತ್ತಾನೆ, ಮೊಣಕಾಲು ಸವರಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸನ್ನೂ ಅಂದಾಜು ಮಾಡುತ್ತಾನೆ. ಇಷ್ಟೆಲ್ಲ ಮಾಡಿದವನು ಒಂದು ಮಾತನ್ನು ಮಾತ್ರ ಮರೆತುಬಿಡುವುದುಂಟು: ಆ ಪ್ರಾಣಿಯನ್ನು ಸ್ವಲ್ಪ ಓಡಿಸಿ, ಅದು ಉಸಿರೆಳೆಯುವ ಸದ್ದಿಗೆ ಕಿವಿಗೊಡುವುದು. ಕುದುರೆಯ ಬಲ ಕಾಲಿನಲ್ಲಿ ಎಷ್ಟಿದೆಯೋ ಕೊರಳಿನಲ್ಲಿಯೂ ಅಷ್ಟೇ ಇದೆ. ಕಾಲು ಗಟ್ಟಿಯಾಗಿದ್ದು ಕೊರಳಿನ ದಾರಿ ಕಿರಿದಾದ ಕುದುರೆ, ನೀರಿದ್ದೂ ಬಾಯಿ ಮುಚ್ಚಿದ ಬಾವಿಯ ಹಾಗೆ.

ಪಟ್ಟಣದ ಮನೆಯಲ್ಲಿ ರೇಡಿಯೋ ಕೇಳುತ್ತ ಕುಳಿತ ನಮಗೆ ಕುದುರೆಯ ಗಂಟಲಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಮೇಲಿರುವ ಬ್ಯಾಡರಹಳ್ಳಿಯನ್ನೇ ತೆಗೆದುಕೊಳ್ಳಿ. ಇಂದು ಅಲ್ಲಿ ಮನೆಗಳ, ಅಂಗಡಿಗಳ, ಬಸ್ಸುಗಳ ಸಂದಣಿ. ಆದರೆ ಅದೇ ರಸ್ತೆ ಹಿಡಿದು ತಾವರೆಕೆರೆಯನ್ನು ದಾಟಿ, ಮಾಗಡಿಯನ್ನು ಸೇರಿ, ಅಲ್ಲಿಂದ ಇನ್ನೂ ಮುಂದೆ ಸಾಗಿದರೆ ಸಿಗುವುದು ಕುಣಿಗಲ್ಲು. ಟಿಪ್ಪೂ ಸುಲ್ತಾನನ ಅಶ್ವದಳಕ್ಕೆ ಕುದುರೆ ಸಾಕಿದ, ಮುಂದೆ ಓಟದ ಕುದುರೆಗಳ ತಳಿ ಬೆಳೆಸಿ ಹೆಸರಾದ ಊರು. ಬ್ಯಾಡರಹಳ್ಳಿಯಿಂದ ಇತ್ತ ಪೂರ್ವಕ್ಕೆ ತಿರುಗಿ ನಗರದೊಳಕ್ಕೆ ಬಂದರೆ ರೇಸ್ ಕೋರ್ಸ್ ರಸ್ತೆಯ ಮೈದಾನ. ಹೀಗೆ ಕುದುರೆ ಹುಟ್ಟುವ ಊರಿಗೂ ಕುದುರೆ ಓಡುವ ಊರಿಗೂ ನಡುವಿನ ದಾರಿಯಲ್ಲಿ ಈ ಬಡಾವಣೆಯ ಜನ ಬಾಳುತ್ತಿದ್ದಾರೆ. ಜಟಕಾ ಗಾಡಿಗಳ ಕಾಲ ಮುಗಿದಿದ್ದರೂ ಮದುವೆಯ ಮೆರವಣಿಗೆಗೆ ಬಾಡಿಗೆ ಕುದುರೆ ಇಂದಿಗೂ ಬೀದಿಗೆ ಬರುತ್ತದೆ. ಆ ಕುದುರೆಯ ಮೂಗಿನಿಂದ ಬರುವ ಸದ್ದಿನ ಅರ್ಥ ನಮಗೆ ತಿಳಿದಿದ್ದರೆ ಒಂದು ಮೂಕಪ್ರಾಣಿಗೆ ಉಪಕಾರವಾದೀತು.

ಮೊದಲು ಕುದುರೆ ಉಸಿರಾಡುವ ಬಗೆಯನ್ನು ನೋಡೋಣ. ನಮಗೆ ನೆಗಡಿಯಾಗಿ ಮೂಗು ಕಟ್ಟಿದರೆ ಬಾಯಿ ತೆರೆದು ಉಸಿರಾಡುತ್ತೇವೆ. ನಾಯಿ ನಾಲಗೆ ಹೊರಚಾಚಿ ತೇಕುತ್ತದೆ. ಕುದುರೆಗೆ ಈ ಅನುಕೂಲವಿಲ್ಲ. ಅದರ ಅಂಗುಳಿನ ಹಿಂಭಾಗದ ಮೃದುವಾದ ಪರದೆ ಬಹಳ ಉದ್ದ. ಅದು ಗಂಟಲ ಮುಚ್ಚಳದ ಕೆಳಗೆ ಬಿಗಿಯಾಗಿ ಕುಳಿತು, ಬಾಯಿಯ ದಾರಿಯನ್ನು ಉಸಿರಿನ ದಾರಿಯಿಂದ ಬೇರ್ಪಡಿಸುತ್ತದೆ. ನುಂಗುವ ಕ್ಷಣದಲ್ಲಿ ಮಾತ್ರ ಆ ಪರದೆ ಮೇಲಕ್ಕೇಳುತ್ತದೆ. ಆದ್ದರಿಂದ ಕುದುರೆಗೆ ಉಸಿರಾಟವೆಂದರೆ ಮೂಗಿನ ಉಸಿರಾಟವೇ. ಮೂಗಿನ ಹೊಳ್ಳೆಯಿಂದ ಶ್ವಾಸನಾಳದವರೆಗೆ ಎಲ್ಲಿಯೇ ಅಡ್ಡಿಯಾದರೂ ಅದಕ್ಕೆ ಬೇರೆ ದಾರಿಯಿಲ್ಲ.

ಇನ್ನು ಗಾಳಿಯ ಲೆಕ್ಕ. ಲಾಯದಲ್ಲಿ ಸುಮ್ಮನೆ ನಿಂತ ದೊಡ್ಡ ಕುದುರೆ ನಿಮಿಷಕ್ಕೆ ಹತ್ತು ಹನ್ನೆರಡು ಬಾರಿ ಉಸಿರಾಡುತ್ತದೆ. ಒಂದೊಂದು ಉಸಿರಿಗೆ ಸುಮಾರು 5 ಲೀಟರು ಗಾಳಿ. ಅದೇ ಕುದುರೆ ನಾಗಾಲೋಟದಲ್ಲಿರುವಾಗ ನಿಮಿಷಕ್ಕೆ 120ಕ್ಕೂ ಹೆಚ್ಚು ಬಾರಿ ಉಸಿರಾಡುತ್ತದೆ. ಒಂದೊಂದು ಉಸಿರಿಗೆ 12ರಿಂದ 15 ಲೀಟರು. ನಮ್ಮ ಹೆಂಗಸರು ನೀರು ತರುವ ಒಂದು ದೊಡ್ಡ ಕೊಡದ ತುಂಬ ಗಾಳಿಯನ್ನು ಅರ್ಧ ಸೆಕೆಂಡಿನೊಳಗೆ ಒಳಗೆಳೆದು ಹೊರಬಿಡುತ್ತದೆ ಎನ್ನಿ. ಮೇಲಾಗಿ ಓಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು. ಕಾಲಿನ ತಾಳಕ್ಕೆ ಉಸಿರು ಕಟ್ಟುಬಿದ್ದಿರುವುದರಿಂದ, ಗಾಳಿ ಸಾಲದೆ ಬಂದರೆ ನಡುವೆ ಇನ್ನೊಂದು ಉಸಿರು ಸೇರಿಸಿಕೊಳ್ಳುವಂತಿಲ್ಲ.

ಕೊಳವೆಯ ದಾರಿ ಕಿರಿದಾದರೆ ಏನಾಗುತ್ತದೆಂಬುದನ್ನು ಭೌತಶಾಸ್ತ್ರ ಹೇಳುತ್ತದೆ. ನೇರವಾದ ಕೊಳವೆಯೊಂದರ ಅಡ್ಡಳತೆ ಅರ್ಧಕ್ಕೆ ಇಳಿದರೆ, ಅದರಲ್ಲಿ ನೆಮ್ಮದಿಯಾಗಿ ಹರಿಯುವ ಗಾಳಿಗೆ ತಡೆ ಎರಡು ಪಟ್ಟಾಗುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ಆದುದರಿಂದ ಗಂಟಲಿನಲ್ಲಿ ಬೆರಳಗಲ ಕಡಿಮೆಯಾದರೂ ಓಟದ ಕುದುರೆಗೆ ಅದು ಅಲ್ಪವಲ್ಲ.

ಈ ದಾರಿಯ ಹೆಬ್ಬಾಗಿಲು ಧ್ವನಿಪೆಟ್ಟಿಗೆ. ಅದರ ಎಡಕ್ಕೊಂದು ಬಲಕ್ಕೊಂದು ಮೃದ್ವಸ್ಥಿಯ ಕದಗಳು. ಉಸಿರೆಳೆಯುವಾಗ ಒಂದೊಂದು ಕದವನ್ನೂ ಒಂದೊಂದು ಸಣ್ಣ ಸ್ನಾಯು ಹಿಂದಕ್ಕೆಳೆದು ತೆರೆಯುತ್ತದೆ. ಆ ಸ್ನಾಯುವಿಗೆ ಅಪ್ಪಣೆ ತರುವ ನರದ ದಾರಿ ವಿಚಿತ್ರವಾದುದು. ಮಿದುಳಿನಿಂದ ಹೊರಟು, ಪಕ್ಕದಲ್ಲಿಯೇ ಇರುವ ಗಂಟಲಿಗೆ ನೇರವಾಗಿ ಹೋಗದೆ, ಕತ್ತಿನುದ್ದಕ್ಕೂ ಇಳಿದು ಎದೆಗೂಡನ್ನು ಹೊಗುತ್ತದೆ. ಎಡಗಡೆಯ ನರ ಅಲ್ಲಿ ಹೃದಯದ ಬಳಿಯ ಮಹಾಧಮನಿಯನ್ನು ಬಳಸಿ, ಮತ್ತೆ ಕತ್ತಿನುದ್ದಕ್ಕೂ ಮೇಲೇರಿ ಗಂಟಲನ್ನು ಸೇರುತ್ತದೆ. ಬಲಗಡೆಯ ನರ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಎತ್ತರದ ಕುದುರೆಯಲ್ಲಿ ಎಡಗಡೆಯ ನರದ ಉದ್ದ ಎರಡು ಮೀಟರಿಗೂ ಮಿಕ್ಕುತ್ತದೆ. ದೂರದ ಊರಿಗೆ ಎಳೆದ ತಂತಿ ಬೇಗ ಕೆಡುವಂತೆ, ಈ ಉದ್ದನೆಯ ನರ ತನ್ನ ತುದಿಯ ಕಡೆಯಿಂದ ಕ್ಷಯಿಸತೊಡಗುತ್ತದೆ. ಅಪ್ಪಣೆ ಬಾರದ ಸ್ನಾಯು ಸೊರಗುತ್ತದೆ. ಎಡಗಡೆಯ ಕದ ಜೋಲು ಬೀಳುತ್ತದೆ. ಓಡುವಾಗ ಗಾಳಿಯ ಸೆಳೆತಕ್ಕೆ ಅದು ದಾರಿಗೆ ಅಡ್ಡಲಾಗಿ ಒಳಕ್ಕೆ ಬಾಗುತ್ತದೆ.

ಆಗ ಕೇಳಿಬರುವ ಸದ್ದಿಗೆ ಇಂಗ್ಲಿಷಿನವರು ರೋರಿಂಗ್, ಎಂದರೆ ಗರ್ಜನೆ ಎಂದು ಹೆಸರಿಟ್ಟರು. ಹಾಗೆಂದು ಅದು ಸಿಂಹದ ಗರ್ಜನೆಯಲ್ಲ. ಮೊದಮೊದಲು ತೆಳುವಾದ ಸಿಳ್ಳು; ವೇಗ ಹೆಚ್ಚಿದಂತೆ ಮರದ ಮೇಲೆ ಗರಗಸ ಎಳೆದಂತೆ ಒರಟಾದ ಸದ್ದು. ಉಸಿರು ಒಳಕ್ಕೆ ಹೋಗುವಾಗ ಮಾತ್ರ ಕೇಳುವುದು ಇದರ ಗುರುತು. ನಿಂತಾಗ ಕುದುರೆ ಪೂರ್ಣ ಆರೋಗ್ಯವಾಗಿ ಕಾಣಬಹುದು. ಎತ್ತರದ ಕುದುರೆಗಳಲ್ಲಿ ಈ ಕಾಯಿಲೆ ಹೆಚ್ಚು. ಗಿಡ್ಡ ತಟ್ಟುಗಳಲ್ಲಿ ಅಪರೂಪ. ವಂಶದಿಂದ ಬರುವ ಒಲವೂ ಇದಕ್ಕೆ ಉಂಟು. ಬೇರೆ ಕಾರಣಗಳೂ ಇವೆ. ಕತ್ತಿನ ರಕ್ತನಾಳಕ್ಕೆ ಕೊಡುವ ಸೂಜಿಮದ್ದು ಹೊರಚೆಲ್ಲಿದರೆ ನರಕ್ಕೆ ಪೆಟ್ಟಾಗಬಹುದು. ಕೇಸರಿಬೇಳೆಯ ಕಾಳನ್ನು ಬಹಳ ದಿನ ತಿಂದ ಕುದುರೆಗಳಿಗೂ ಗಂಟಲಿನ ಪಾರ್ಶ್ವವಾಯು ಬರುತ್ತದೆ. ನಮ್ಮ ಸೀಮೆಯ ಕುದುರೆಗಳು ತಲೆಮಾರುಗಳಿಂದ ತಿಂದುಬಂದ ಹುರುಳಿಗೆ ಈ ದೋಷವಿಲ್ಲ.

ಕುದುರೆಯ ವೈದ್ಯ ನಮ್ಮಲ್ಲಿ ಹೊಸದೇನೂ ಅಲ್ಲ. ಶಾಲಿಹೋತ್ರನ ಹೆಸರಿನ ಸಂಸ್ಕೃತ ಶಾಸ್ತ್ರ ಬಹು ಪ್ರಾಚೀನವಾದುದು. ಕನ್ನಡದಲ್ಲಿಯೂ ಅಭಿನವಚಂದ್ರನೆಂಬವನು ‘ಅಶ್ವವೈದ್ಯ’ವನ್ನು ಬರೆದಿದ್ದಾನೆ. ಆದರೆ ಧ್ವನಿಪೆಟ್ಟಿಗೆಯೊಳಗೆ ಕತ್ತಿಯಾಡಿಸುವ ಧೈರ್ಯ ಬಂದುದು ಬಹಳ ತಡವಾಗಿ. ಅದಕ್ಕೂ ಮುಂಚಿನಿಂದ ತಿಳಿದಿದ್ದ ಉಪಾಯ ಒಂದೇ: ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಲೋಹದ ನಳಿಗೆಯನ್ನು ಇಡುವುದು. ಕೆಟ್ಟ ಬಾಗಿಲನ್ನು ಬಿಟ್ಟು ಗೋಡೆಗೆ ಕಿಂಡಿ ಕೊರೆದ ಹಾಗೆ. ಗಂಟಲು ಬಾತು ಕುದುರೆ ಉಸಿರುಕಟ್ಟಿ ಬೀಳುವ ಸ್ಥಿತಿಯಲ್ಲಿ ಇಂದಿಗೂ ಪ್ರಾಣ ಉಳಿಸುವ ಶಸ್ತ್ರಕ್ರಿಯೆ ಇದೇ. ನಿಂತ ಕುದುರೆಗೆ, ಆ ಜಾಗದ ಚರ್ಮವನ್ನಷ್ಟೇ ಮರಗಟ್ಟಿಸಿ, ಕೆಲವೇ ನಿಮಿಷಗಳಲ್ಲಿ ಪಶುವೈದ್ಯರು ಇದನ್ನು ಮಾಡುತ್ತಾರೆ.

ಗಂಟಲಿನ ಕದವನ್ನೇ ಸರಿಪಡಿಸುವ ಪ್ರಯತ್ನಗಳು 19ನೆಯ ಶತಮಾನದಲ್ಲಿ ಜರ್ಮನಿಯಲ್ಲಿ ಮೊದಲಾದುವು. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿಲಿಯಮ್ಸ್ ಎಂಬ ಪ್ರಾಧ್ಯಾಪಕರು ಒಂದು ವಿಧಾನವನ್ನು ರೂಪಿಸಿದರು. ಲಂಡನ್ನಿನ ಫ್ರೆಡರಿಕ್ ಹಾಬ್ಡೇ ಅದನ್ನು ಕೈಗೆತ್ತಿಕೊಂಡು ಬಹುಸಂಖ್ಯೆಯ ಕುದುರೆಗಳಿಗೆ ಮಾಡಿದರು. ಆ ಶಸ್ತ್ರಕ್ರಿಯೆಗೆ ಇಂಗ್ಲಿಷಿನಲ್ಲಿ ಅವರ ಹೆಸರೇ ನಿಂತಿತು. ಧ್ವನಿತಂತುವಿನ ಪಕ್ಕದಲ್ಲಿ ಒಂದು ಪುಟ್ಟ ಚೀಲವಿದೆ. ಅದರ ಒಳಪೊರೆಯನ್ನು ಸುಲಿದು ತೆಗೆದರೆ, ಗಾಯ ಮಾಯುವಾಗ ಆ ಜಾಗ ಅಂಟಿಕೊಂಡು, ಜೋಲುಬಿದ್ದ ಭಾಗ ಸ್ವಲ್ಪ ಪಕ್ಕಕ್ಕೆ ಎಳೆಯಲ್ಪಡುತ್ತದೆ. ಅದು ಮೋಟಾರು ಇನ್ನೂ ಕುದುರೆಯನ್ನು ಅಟ್ಟಿರದ ಕಾಲ. ಸೈನ್ಯ, ಸಾರಿಗೆ ಎರಡಕ್ಕೂ ಕುದುರೆಯೇ ಬೇಕು. ನಮ್ಮ ಮೈಸೂರು ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯುವ ಕಾಳಗದಲ್ಲಿ ಹೋರಾಡಿದ್ದೂ ಕುದುರೆಯ ಬೆನ್ನಿನ ಮೇಲೆಯೇ. ಅಂಥ ಕಾಲದಲ್ಲಿ ಉಸಿರು ಸಾಲದ ಕುದುರೆಯನ್ನು ಕೆಲಸಕ್ಕೆ ಹಿಂದಿರುಗಿಸುವ ವಿದ್ಯೆಗೆ ಎಷ್ಟು ಬೆಲೆಯಿತ್ತೆಂಬುದನ್ನು ನೀವೇ ಊಹಿಸಬಹುದು. ಈ ವಿಧಾನದಿಂದ ಸದ್ದು ತಗ್ಗುತ್ತಿತ್ತು. ಗಾಳಿಯ ದಾರಿ ಮಾತ್ರ ಓಟಕ್ಕೆ ಬೇಕಾದಷ್ಟು ತೆರೆಯುತ್ತಿರಲಿಲ್ಲ.

ದೊಡ್ಡ ಹೆಜ್ಜೆ ಬಂದುದು 1970ರಲ್ಲಿ. ಅಮೆರಿಕದ ಮಾರ್ಕ್ಸ್, ಮೆಕೇ-ಸ್ಮಿತ್ ಮತ್ತು ಅವರ ಸಂಗಡಿಗರು ಸೊರಗಿದ ಸ್ನಾಯುವಿನ ಕೆಲಸವನ್ನು ಒಂದು ದಾರಕ್ಕೆ ವಹಿಸುವ ವಿಧಾನವನ್ನು ಪ್ರಕಟಿಸಿದರು. ದವಡೆಯ ಹಿಂದೆ, ಕತ್ತಿನ ಪಕ್ಕದಲ್ಲಿ ಸೀಳಿ, ಎಡಗದದ ಹಿಂಭಾಗಕ್ಕೂ ಅದರ ಹಿಂದಿನ ಉಂಗುರದಂಥ ಮೃದ್ವಸ್ಥಿಗೂ ಗಟ್ಟಿಯಾದ ದಾರವನ್ನು ಪೋಣಿಸಿ ಬಿಗಿಯುತ್ತಾರೆ. ಕದ ತೆರೆದ ಸ್ಥಿತಿಯಲ್ಲಿ ನಿಂತುಬಿಡುತ್ತದೆ. ಬಾಗಿಲು ಬಡಿಯದಂತೆ ಕೊಂಡಿ ಹಾಕಿದ ಹಾಗೆ. ಇದರ ಜೊತೆಗೆ ಹಾಬ್ಡೇ ವಿಧಾನದಂತೆ ಪುಟ್ಟ ಚೀಲವನ್ನೂ, ಅನೇಕ ವೇಳೆ ಧ್ವನಿತಂತುವನ್ನೂ ತೆಗೆಯುವುದು ಇಂದಿನ ರೂಢಿ.

ಇದರಲ್ಲಿ ಒಂದು ಸೂಕ್ಷ್ಮ ಉಂಟು. ಗಂಟಲಿನ ಕದ ಗಾಳಿಗಾಗಿ ತೆರೆಯುವುದಷ್ಟೇ ಅಲ್ಲ, ನುಂಗುವಾಗ ಮುಚ್ಚಿಕೊಂಡು ಮೇವು ನೀರುಗಳು ಶ್ವಾಸಕೋಶಕ್ಕೆ ಇಳಿಯದಂತೆ ಕಾಯುತ್ತದೆ. ದಾರವನ್ನು ಅತಿಯಾಗಿ ಬಿಗಿದರೆ ಆ ಕಾವಲು ಹೋಗುತ್ತದೆ. ಕುದುರೆ ತಿನ್ನುವಾಗಲೆಲ್ಲ ಕೆಮ್ಮುತ್ತದೆ. ಶ್ವಾಸಕೋಶಕ್ಕೆ ಮೇವು ಸೇರಿ ಜ್ವರ ಬರಲೂಬಹುದು. ಸಡಿಲವಾಗಿ ಬಿಗಿದರೆ ಹಳೆಯ ಕಾಯಿಲೆ ಮರಳುತ್ತದೆ. ಕಟ್ಟಿದ ದಾರ ದಿನ ಕಳೆದಂತೆ ಸ್ವಲ್ಪ ಸಡಿಲುವುದೂ ಸಾಮಾನ್ಯ. ಆದ್ದರಿಂದಲೇ ಇದು ಬಲ್ಲವರ ಕೈಯ ಕೆಲಸ. ಶಸ್ತ್ರಕ್ರಿಯೆಯ ಬಳಿಕ ಹಲವು ವಾರಗಳ ವಿಶ್ರಾಂತಿ ಬೇಕು. ಮೇವನ್ನು ಎತ್ತರದ ಗೋದಲಿಯಲ್ಲಿ ಇಡದೆ ನೆಲದ ಮೇಲೆ ಇಡಬೇಕು. ತಲೆ ತಗ್ಗಿಸಿ ತಿಂದರೆ ಮೇವು ತಪ್ಪುದಾರಿ ಹಿಡಿಯುವುದು ಕಡಿಮೆ.

ದಾರದ ಬದಲು ನರವನ್ನೇ ಕಸಿ ಮಾಡುವ ವಿಧಾನವೂ ಬಂದಿದೆ. ಕತ್ತಿನ ಮೊದಲ ಬೆನ್ನುಮೂಳೆಯ ಬಳಿಯಿಂದ ಬರುವ ಆರೋಗ್ಯವಾದ ನರವನ್ನು ಸೊರಗಿದ ಸ್ನಾಯುವಿಗೆ ನೆಡುತ್ತಾರೆ. ಅದು ಬೇರೂರಿ ಫಲ ಕೊಡಲು ತಿಂಗಳುಗಟ್ಟಲೆ ಕಾಯಬೇಕು. ಆದರೆ ಫಲಿಸಿದರೆ ಕದ ತೆರೆಯುವುದೂ ಮುಚ್ಚುವುದೂ ಎರಡೂ ಉಳಿಯುತ್ತವೆ.

ಕಾಯಿಲೆ ಇದೇ ಎಂದು ಗೊತ್ತುಮಾಡುವ ಬಗೆಯೂ ಬೆಳೆದಿದೆ. ಹಿಂದಿನ ವೈದ್ಯರು ಓಟದ ಸದ್ದು ಕೇಳಿ, ಗಂಟಲಿನ ಎರಡು ಪಕ್ಕವನ್ನೂ ಬೆರಳಿನಿಂದ ಒತ್ತಿ, ಎಡಗಡೆಯ ಸ್ನಾಯು ಸೊರಗಿದೆಯೇ ಎಂದು ನೋಡುತ್ತಿದ್ದರು. ಈಗ ಮೂಗಿನ ಮೂಲಕ ಎಂಡೋಸ್ಕೋಪ್ ಎಂಬ ಬಾಗುವ ನಳಿಗೆಯನ್ನು ತೂರಿಸಿ ಒಳಗಿನ ಕದಗಳನ್ನು ಕಣ್ಣಾರೆ ಕಾಣುತ್ತಾರೆ. ನಿಂತಾಗ ಸರಿಯಾಗಿ ಕಾಣುವ ಗಂಟಲು ಓಡುವಾಗ ಕುಸಿಯುವುದುಂಟು. ಆದಕಾರಣ ಚಲಿಸುವ ಪಟ್ಟಿಯ ಮೇಲೆ ಓಡಿಸುತ್ತಲೋ, ತಲೆಗೆ ಸಣ್ಣ ಉಪಕರಣ ಕಟ್ಟಿ ಸವಾರನೊಂದಿಗೆ ಮೈದಾನದಲ್ಲಿಯೇ ಓಡಿಸುತ್ತಲೋ ಒಳಗಿನ ಚಿತ್ರವನ್ನು ಪಡೆಯುತ್ತಾರೆ.

ಹೀಗೆ ಓಡುವಾಗ ನೋಡಿದ ಮೇಲೆ ಸ್ಪಷ್ಟವಾಗಿ ತಿಳಿದ ಇನ್ನೊಂದು ತೊಂದರೆ ಅಂಗುಳಿನ ಪರದೆಯದು. ಗಂಟಲ ಮುಚ್ಚಳದ ಕೆಳಗಿರಬೇಕಾದ ಆ ಪರದೆ, ಓಟದ ರಭಸದಲ್ಲಿ ಜಾರಿ ಮೇಲಕ್ಕೆ ಬಂದುಬಿಡುತ್ತದೆ. ಕುದುರೆ ಇದ್ದಕ್ಕಿದ್ದಂತೆ ವೇಗ ಕಳೆದುಕೊಳ್ಳುತ್ತದೆ. ಉಸಿರು ಹೊರಗೆ ಬಿಡುವಾಗ ಗೊರಗೊರ ಸದ್ದು. ಜಾಕಿಗಳ ಮಾತಿನಲ್ಲಿ ಕುದುರೆ ನಾಲಗೆ ನುಂಗಿತು ಎನ್ನುವುದು ಇದನ್ನೇ. ನಿಜವಾಗಿ ನಾಲಗೆಯನ್ನು ಯಾವ ಕುದುರೆಯೂ ನುಂಗುವುದಿಲ್ಲ. ಎಳೆಯ ಕುದುರೆಗಳಲ್ಲಿ ವಯಸ್ಸಾಗುತ್ತ, ಮೈ ಪಳಗುತ್ತ ಇದು ತಾನಾಗಿಯೇ ಹೋಗುವುದುಂಟು. ಹೋಗದಿದ್ದರೆ ಶಸ್ತ್ರಚಿಕಿತ್ಸೆ. ಹಿಂದೆ ಪರದೆಯ ಅಂಚನ್ನು ಕತ್ತರಿಸುತ್ತಿದ್ದರು. ಧ್ವನಿಪೆಟ್ಟಿಗೆಯನ್ನು ಹಿಂದಕ್ಕೆಳೆಯುವ ಸ್ನಾಯುಗಳನ್ನು ಕೊಯ್ಯುತ್ತಿದ್ದರು. 21ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಾರ್ನೆಲ್‌ನ ಶಸ್ತ್ರವೈದ್ಯರು ಧ್ವನಿಪೆಟ್ಟಿಗೆಯನ್ನು ದಾರದಿಂದ ಮುಂದಕ್ಕೆ, ನಾಲಗೆಯ ಬುಡದ ಮೂಳೆಗೆ ಕಟ್ಟುವ ವಿಧಾನವನ್ನು ತಂದರು. ಅಲ್ಲಿ ಹಿಂದಕ್ಕೆ ಕಟ್ಟುವುದು, ಇಲ್ಲಿ ಮುಂದಕ್ಕೆ ಕಟ್ಟುವುದು. ರೋಗ ಯಾವುದೆಂದು ತಿಳಿಯದೆ ಕತ್ತಿ ಹಿಡಿಯಬಾರದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮೂರನೆಯದು ಗಂಟಲಿನ ಗಾಳಿಚೀಲಗಳ ರೋಗ. ಕಿವಿಯಿಂದ ಗಂಟಲಿಗೆ ಬರುವ ಕೊಳವೆ ಕುದುರೆಯಲ್ಲಿ ಎರಡು ಪಕ್ಕದಲ್ಲಿಯೂ ಉಬ್ಬಿ ಸುಮಾರು ಅರ್ಧ ಲೀಟರಿನ ಚೀಲವಾಗಿದೆ. ಸ್ಟ್ರಾಂಗಲ್ಸ್ ಎಂಬ ಅಂಟುರೋಗದಲ್ಲಿ ಗಂಟಲಿನ ಗ್ರಂಥಿಗಳು ಕೀವುಗಟ್ಟಿ ಈ ಚೀಲಗಳೊಳಕ್ಕೆ ಒಡೆಯುತ್ತವೆ. ಕೀವನ್ನು ತೊಳೆದು ತೆಗೆಯದೆ ಬಿಟ್ಟರೆ ಅದು ಗಟ್ಟಿಯಾಗಿ ಗೋಲಿಗಳಂತಾಗುತ್ತದೆ. ನೋಡಲು ಗುಣವಾದಂತಿರುವ ಕುದುರೆ ತಿಂಗಳುಗಟ್ಟಲೆ ರೋಗ ಹರಡುತ್ತಿರಬಹುದು. ಅದೇ ಚೀಲದ ಗೋಡೆಯಲ್ಲಿ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಬೂಷ್ಟು ಬೆಳೆದು ಅದನ್ನು ಕೊರೆದರೆ, ಸುಮ್ಮನೆ ನಿಂತ ಕುದುರೆಯ ಮೂಗಿನಿಂದ ರಕ್ತ ಬರುತ್ತದೆ. ಮೊದಲ ಸಲ ತಾನಾಗಿಯೇ ನಿಂತೀತು. ಮುಂದೊಂದು ಸಲ ಪ್ರಾಣಕ್ಕೇ ಬಂದೀತು. ಕೊರೆದ ಜಾಗದ ಎರಡು ಬದಿಯಲ್ಲಿಯೂ ರಕ್ತನಾಳವನ್ನು ಮುಚ್ಚುವುದೇ ಇದಕ್ಕೆ ಶಸ್ತ್ರಚಿಕಿತ್ಸೆ. ಇಲ್ಲಿ ಪಂದ್ಯದ ಮಾತಿಲ್ಲ, ಪ್ರಾಣದ ಮಾತು.

ಕತ್ತಿಯಿಂದ ಆಗದ ಕಾಯಿಲೆಯೂ ಇದೆ. ಧೂಳು ತುಂಬಿದ, ಬೂಷ್ಟು ಹಿಡಿದ ಒಣಹುಲ್ಲನ್ನು ಗಾಳಿಯಾಡದ ಲಾಯದಲ್ಲಿ ತಿನ್ನಿಸುತ್ತ ಬಂದರೆ ಕುದುರೆಗೆ ನಮ್ಮ ಉಬ್ಬಸದಂಥ ರೋಗ ಹತ್ತುತ್ತದೆ. ಉಸಿರು ಹೊರಬಿಡಲು ಹೊಟ್ಟೆಯನ್ನು ಅದುಮಿ ತಿಣುಕುತ್ತದೆ. ಪಕ್ಕೆಯ ಕೆಳಗೆ ಗೆರೆ ಮೂಡುತ್ತದೆ. ಇದಕ್ಕೆ ಯಾವ ಶಸ್ತ್ರಕ್ರಿಯೆಯೂ ಇಲ್ಲ. ಹುಲ್ಲನ್ನು ನೀರಿನಲ್ಲಿ ನೆನೆಸಿ ಕೊಡುವುದು, ಲಾಯಕ್ಕೆ ಕಿಟಕಿ ಇಡುವುದು, ವೈದ್ಯರು ಹೇಳಿದ ಮದ್ದು, ಇವೇ ಚಿಕಿತ್ಸೆ.

ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಈ ಶಸ್ತ್ರಚಿಕಿತ್ಸೆ ಯಾರ ಹಿತಕ್ಕೆ? ಕುದುರೆಯನ್ನು ಪೂರ್ಣ ಅರಿವಳಿಕೆಗೆ ಒಳಪಡಿಸುವುದು ಮನುಷ್ಯರಿಗೆ ಮಾಡಿದಷ್ಟು ನಿರಪಾಯವಲ್ಲ. ದೊಡ್ಡ ಸಮೀಕ್ಷೆಗಳ ಪ್ರಕಾರ ನೂರು ಕುದುರೆಗಳಲ್ಲಿ ಒಂದರ ಆಸುಪಾಸು ಅದರಿಂದಲೇ ಸಾಯುತ್ತದೆ. ಐದು ನೂರು ಕಿಲೋ ತೂಗುವ ಪ್ರಾಣಿ ಮಂಪರಿನಲ್ಲಿ ಎದ್ದು ನಿಲ್ಲುವಾಗ ಕಾಲು ಮುರಿದುಕೊಳ್ಳುವುದುಂಟು. ಇತ್ತೀಚೆಗೆ ಹಲವು ಶಸ್ತ್ರಕ್ರಿಯೆಗಳನ್ನು ಕುದುರೆ ನಿಂತಿರುವಾಗಲೇ, ಮಂಪರು ಮದ್ದು ಕೊಟ್ಟು, ಲೇಸರ್ ಕಿರಣದಿಂದ ಮಾಡುತ್ತಿರುವುದು ಈ ಅಪಾಯವನ್ನು ತಪ್ಪಿಸಲೆಂದೇ. ಉಸಿರಿಗೆ ಒದ್ದಾಡುವ ಪ್ರಾಣಿಯನ್ನು ನೆಮ್ಮದಿಗೆ ತರುವ ಚಿಕಿತ್ಸೆ ಧರ್ಮವಾದುದು. ಗೆಲ್ಲುವ ಆಸೆಯೊಂದರಿಂದಲೇ ಮಾಡಿಸುವಾಗ ಮಾತ್ರ ಒಡೆಯ ಎರಡು ಸಲ ಯೋಚಿಸಬೇಕು. ಓಟವನ್ನು ಬಿಡಿಸಿ ಹಗುರವಾದ ಕೆಲಸಕ್ಕೆ ಹಾಕಿದರೆ ಎಷ್ಟೋ ಕುದುರೆಗಳು ಕತ್ತಿಯ ಹಂಗಿಲ್ಲದೆ ಸುಖವಾಗಿ ಬಾಳುತ್ತವೆ. ದಾರ ಕಟ್ಟಿ ಗಂಟಲು ಸರಿಪಡಿಸಿದರೂ ವಂಶದ ದೋಷ ಹೋಗುವುದಿಲ್ಲ. ಮರಿಗಳಿಗೆ ಅದು ಇಳಿಯಬಹುದು. ತಳಿಗೆ ಕುದುರೆ ಆರಿಸುವವರು, ಮಾರುವವರು ಈ ಸಂಗತಿಯನ್ನು ಮುಚ್ಚಿಡದಿರುವುದೇ ನ್ಯಾಯ.

ಕೊನೆಗೆ ನಿಮ್ಮ ಪಾಲಿನ ಕೆಲಸ. ಮನೆಯ ಮದುವೆಗೆ ಕುದುರೆ ಗೊತ್ತುಮಾಡುವಾಗ, ಅಲಂಕಾರ ನೋಡುವ ಮುನ್ನ ಮೂಗನ್ನು ನೋಡಿ. ಹೊಳ್ಳೆಗಳಲ್ಲಿ ಕೀವಾಗಲಿ ರಕ್ತವಾಗಲಿ ಇದೆಯೇ? ದವಡೆಯ ಕೆಳಗೆ ಗಡ್ಡೆಯುಂಟೆ? ಮೂಗುಪಟ್ಟಿಯನ್ನು ಎರಡು ಬೆರಳೂ ತೂರದಂತೆ ಬಿಗಿದಿದ್ದಾರೆಯೇ? ಸುಮ್ಮನೆ ನಿಂತಾಗಲೂ ಉಸಿರಿನಲ್ಲಿ ಸದ್ದಿದೆಯೇ? ಇವುಗಳಲ್ಲಿ ಒಂದು ಕಂಡರೂ ಆ ಕುದುರೆಯನ್ನು ಮೆರವಣಿಗೆಗೆ ತರಬೇಡಿ. ಕುದುರೆಯವನನ್ನು ಗದರಿಸದೆ, ಪಶುವೈದ್ಯರಿಗೆ ತೋರಿಸಪ್ಪಾ ಎಂದು ಹೇಳಿ. ಅವನ ಮನೆಯ ಅನ್ನವೂ ಆ ಪ್ರಾಣಿಯ ಉಸಿರಿನಲ್ಲಿಯೇ ಇದೆ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ತೋರಿಸಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆಯ ವಿಭಾಗವೇ ಇದೆ. ರೋಗದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾನೂನಿನಂತೆ ಅಪರಾಧವೆಂಬುದನ್ನೂ ನೆನಪಿನಲ್ಲಿಡಿ.

ಮೆರವಣಿಗೆಯ ವಾದ್ಯದ ಗದ್ದಲದಲ್ಲಿ ಕುದುರೆಯ ಉಸಿರು ಕೇಳಿಸುವುದು ಕಷ್ಟ. ಆದ್ದರಿಂದ ವಾದ್ಯ ಮೊದಲಾಗುವ ಮುಂಚೆಯೇ, ಅದರ ಪಕ್ಕದಲ್ಲಿ ಒಂದು ನಿಮಿಷ ನಿಂತು ಕೇಳಿ.